ಗ್ರೀಕರ ಪಟ್ಟಿಯಲ್ಲಿ ಇಂಡಿ ಇದೆಯೇ?

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಶಿಕ್ಷಕರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)



ನಮ್ಮ ಭಾಗದ ಸ್ಮರಣ ಸಂಚಿಕೆಗಳಲ್ಲಿ, ಊರ ಪರಿಚಯದ ಪುಸ್ತಿಕೆಗಳಲ್ಲಿ ಒಂದು ವಾಕ್ಯ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ಇಂಡಿಯನ್ನು ಉಲ್ಲೇಖಿಸಿದ್ದಾನೆ ಎಂಬುದೇ ಆ ವಾಕ್ಯ. ಹಿಪ್ಪರಗಿಯ ಬಗ್ಗೆ, ಕಲಕೇರಿಯ ಬಗ್ಗೆ, ಕೃಷ್ಣೆಯ ಆಚೆಯ ಮುದಗಲ್ಲಿನ ಬಗ್ಗೆ ಕೂಡ ಇಂಥದೇ ಮಾತುಗಳಿವೆ. ಹೇಳುವವರು ಹೆಮ್ಮೆಯಿಂದ ಹೇಳುತ್ತಾರೆ, ಕೇಳುವವರು ತಲೆದೂಗುತ್ತಾರೆ. ಆದರೆ ಟಾಲೆಮಿ ಬರೆದದ್ದೇನು, ಅವನಿಗೆ ನಮ್ಮ ಊರಿನ ಹೆಸರು ಯಾರು ಹೇಳಿದರು, ಆ ಹೆಸರು ನಮ್ಮದೇ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಈ ಪ್ರಶ್ನೆಗಳನ್ನು ಇಂದು ಸ್ವಲ್ಪ ಬಿಡಿಸಿ ನೋಡೋಣ. ಅದಕ್ಕಾಗಿ ಮೊದಲು ಇಲ್ಲಿಂದ ಬಹುದೂರದ ಒಂದು ಕಡಲ ತೀರದ ಪಟ್ಟಣಕ್ಕೆ ಹೋಗಬೇಕು.

ಕಡಲಂಚಿನ ಪಟ್ಟಣ

ಆ ಪಟ್ಟಣ ಅಲೆಕ್ಸಾಂಡ್ರಿಯ. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಸ್ಥಾಪಿಸಿದ್ದು. ಇದ್ದದ್ದು ಈಜಿಪ್ಟಿನ ನೆಲದಲ್ಲಿ, ಆದರೆ ಭಾಷೆ, ವಿದ್ಯೆ, ಆಡಳಿತ ಎಲ್ಲವೂ ಗ್ರೀಕ್. ಉತ್ತರಕ್ಕೆ ಮೆಡಿಟರೇನಿಯನ್ ಸಮುದ್ರ, ದಕ್ಷಿಣಕ್ಕೆ ಮರೆಯೋಟಿಸ್ ಎಂಬ ದೊಡ್ಡ ಸರೋವರ. ಇವೆರಡರ ನಡುವಿನ ಕಿರಿದಾದ ನೆಲಪಟ್ಟಿಯ ಮೇಲೆ ಊರು. ದಂಡೆಯ ಎದುರಿಗಿದ್ದ ಫಾರೋಸ್ ಎಂಬ ಪುಟ್ಟ ದ್ವೀಪಕ್ಕೆ ಒಂದು ಉದ್ದನೆಯ ಒಡ್ಡು ಕಟ್ಟಿದರು. ಒಡ್ಡಿನ ಎರಡೂ ಬದಿಗೆ ಎರಡು ಬಂದರುಗಳಾದವು. ದ್ವೀಪದ ಮೇಲೆ ಎದ್ದ ದೀಪಸ್ತಂಭ ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದೆನಿಸಿತು. ಹಿಂಬದಿಯ ಸರೋವರಕ್ಕೆ ನೈಲ್ ನದಿಯಿಂದ ಕಾಲುವೆ ಬರುತ್ತಿತ್ತು. ಹೀಗೆ ಒಳನಾಡಿನ ಸರಕು ಊರಿನ ಹಿಂದಿನ ಬಾಗಿಲಿಗೆ ಬಂದು, ಮುಂದಿನ ಬಾಗಿಲಿನಿಂದ ಸಮುದ್ರಕ್ಕೆ ಇಳಿಯುತ್ತಿತ್ತು.

ಈ ಊರಿಗೆ ಇನ್ನೊಂದು ಹೆಸರು ತಂದುಕೊಟ್ಟದ್ದು ಅಲ್ಲಿನ ಗ್ರಂಥಾಲಯ. ಭೂಮಿಯ ಸುತ್ತಳತೆಯನ್ನು ನೆರಳಿನ ಲೆಕ್ಕದಿಂದ ಕಂಡುಹಿಡಿದ ಎರಟಾಸ್ಥನೀಸ್ ಆ ಗ್ರಂಥಾಲಯದ ಮುಖ್ಯಸ್ಥನಾಗಿದ್ದ. ಅವನಿಗಿಂತ ಸುಮಾರು ಮುನ್ನೂರೈವತ್ತು ವರ್ಷಗಳ ಅನಂತರ, ರೋಮನ್ನರ ಆಳ್ವಿಕೆಯಲ್ಲಿ, ಅದೇ ಊರಿನಲ್ಲಿ ಕ್ಲಾಡಿಯಸ್ ಟಾಲೆಮಿ ಕೆಲಸ ಮಾಡಿದ. ಕ್ರಿ.ಶ. 150ರ ಸುಮಾರಿಗೆ ಅವನು ಬರೆದ ಭೂಗೋಳ ಗ್ರಂಥದಲ್ಲಿ ಅಂದಿಗೆ ತಿಳಿದಿದ್ದ ಜಗತ್ತಿನ ಸಾವಿರಾರು ಊರು, ನದಿ, ಬೆಟ್ಟಗಳ ಹೆಸರುಗಳಿವೆ. ಹೆಸರಿನ ಪಕ್ಕದಲ್ಲಿ ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನೂ ಕೊಟ್ಟಿದ್ದಾನೆ. ಏಳನೆಯ ಭಾಗದ ಮೊದಲ ಅಧ್ಯಾಯ ಪೂರ್ತಿ ಗಂಗೆಯ ಈಚೆಗಿನ ಭಾರತಕ್ಕೆ ಮೀಸಲು. ನಾವು ಹುಡುಕುತ್ತಿರುವ ಹೆಸರುಗಳು ಅಲ್ಲಿವೆ.

ಹೆಸರು ಪ್ರಯಾಣ ಮಾಡಿದ ದಾರಿ

ಟಾಲೆಮಿ ಭಾರತಕ್ಕೆ ಬಂದವನಲ್ಲ. ಹಾಗಾದರೆ ಅವನಿಗೆ ಹೆಸರುಗಳು ತಲುಪಿದ್ದು ಹೇಗೆ? ಉತ್ತರ ಸರಳ: ಸರಕಿನ ಜತೆಗೆ.

ನಮ್ಮ ನೈರುತ್ಯ ಮಾರುತಗಳ ಗುಟ್ಟು ಗ್ರೀಕ್ ನಾವಿಕರಿಗೆ ತಿಳಿದ ಮೇಲೆ ಕೆಂಪು ಸಮುದ್ರದಿಂದ ಹೊರಟ ಹಡಗುಗಳು ನೇರವಾಗಿ ಅರಬ್ಬಿ ಸಮುದ್ರವನ್ನು ಹಾಯ್ದು ನಮ್ಮ ಪಶ್ಚಿಮ ಕರಾವಳಿಗೆ ಬರತೊಡಗಿದವು. ಒಂದೇ ಬಂದರಿನಿಂದ ವರ್ಷಕ್ಕೆ 120 ಹಡಗುಗಳು ಭಾರತಕ್ಕೆ ಹೋಗುತ್ತವೆ ಎಂದು ಸ್ಟ್ರಾಬೋ ಎಂಬ ಲೇಖಕ ಬರೆದಿದ್ದಾನೆ. ಮರಳಿ ಬಂದ ಹಡಗುಗಳ ಸರಕು ಕೆಂಪು ಸಮುದ್ರದ ದಂಡೆಯಲ್ಲಿ ಇಳಿದು, ಒಂಟೆಗಳ ಮೇಲೆ ಮರುಭೂಮಿ ದಾಟಿ, ನೈಲ್ ನದಿಯಲ್ಲಿ ದೋಣಿ ಏರಿ ಅಲೆಕ್ಸಾಂಡ್ರಿಯ ಸೇರುತ್ತಿತ್ತು.

ಈ ವ್ಯಾಪಾರಕ್ಕೆ ಒಂದು ಕೈಪಿಡಿಯೂ ಇತ್ತು. ಮೊದಲನೆಯ ಶತಮಾನದಲ್ಲಿ ಹೆಸರು ತಿಳಿಯದ ಗ್ರೀಕ್ ವರ್ತಕನೊಬ್ಬ ಬರೆದ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ಪುಸ್ತಕ ಅದು. ಬರಿಗಾಜ, ಅಂದರೆ ಇಂದಿನ ಭರೂಚ್ ಬಂದರಿನಿಂದ ದಕ್ಷಿಣಕ್ಕೆ ಇಪ್ಪತ್ತು ದಿನಗಳ ದಾರಿಯಲ್ಲಿ ಪೈಠಾಣ, ಅಲ್ಲಿಂದ ಪೂರ್ವಕ್ಕೆ ಹತ್ತು ದಿನಗಳ ದಾರಿಯಲ್ಲಿ ತಗರ ಎಂಬ ಬಹು ದೊಡ್ಡ ಪಟ್ಟಣ ಇದೆ ಎಂದು ಅವನು ಹೇಳುತ್ತಾನೆ. ಈ ಊರುಗಳಿಂದ ಹೊರಡುವ ಬಂಡಿಗಳು ದಾರಿಯಿಲ್ಲದ ದುರ್ಗಮ ಪ್ರದೇಶ ದಾಟಿ ಬಂದರಿಗೆ ಬಟ್ಟೆ ಮತ್ತು ಬೆಲೆಬಾಳುವ ಕಲ್ಲುಗಳನ್ನು ತರುತ್ತಿದ್ದವು. ತಗರ ಎಂದರೆ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯ ತೇರ್. ಭೀಮೆ ದಾಟಿ, ಸೊಲ್ಲಾಪುರ ದಾಟಿ ಇನ್ನಷ್ಟು ಉತ್ತರಕ್ಕೆ ಹೋದರೆ ಸಿಗುವ ಊರು. ನಮ್ಮ ಇಂಡಿಯ ಮಟ್ಟಿಗೆ ಅದು ನೆರೆಯ ನಾಡು. ಎತ್ತಿನ ಬಂಡಿಯ ಕಾಲದಲ್ಲಿ ತೇರ್‌ನ ಸಂತೆಗೆ ಯಾವ ಯಾವ ದಿಕ್ಕಿನಿಂದ ಅರಳೆ, ನೂಲು, ಬಟ್ಟೆ ಬರುತ್ತಿತ್ತೋ ಆ ದಿಕ್ಕುಗಳಲ್ಲಿ ಭೀಮೆಯ ಕೆಳದಂಡೆಯೂ ಒಂದಾಗಿರಬಹುದು ಎಂದು ಊಹಿಸುವುದು ತಪ್ಪಾಗದು.

ಬಂಡಿಯವನ ಬಾಯಿಂದ ಬಂದರಿನ ದಲಾಳಿಗೆ, ದಲಾಳಿಯಿಂದ ನಾವಿಕನಿಗೆ, ನಾವಿಕನಿಂದ ಅಲೆಕ್ಸಾಂಡ್ರಿಯದ ವಿದ್ವಾಂಸನಿಗೆ. ಊರಿನ ಹೆಸರು ಹೀಗೆ ನಾಲ್ಕಾರು ನಾಲಗೆಗಳನ್ನು ದಾಟಿ ಹೋಗಿದೆ. ತನ್ನ ಮಾಹಿತಿ ಇಂಥ ಪ್ರಯಾಣಿಕರಿಂದ ಬಂದದ್ದೆಂದು ಟಾಲೆಮಿಯೇ ಹೇಳುತ್ತಾನೆ. ಕೊಂಕಣ ತೀರದ ಸಿಮಿಲ್ಲ ಎಂಬ ಊರನ್ನು ಅಲ್ಲಿನ ಜನ ತಿಮೂಲ ಎನ್ನುತ್ತಾರೆ ಎಂದೂ ಅವನು ಬರೆದಿದ್ದಾನೆ. ಆ ಊರು ಈಗಿನ ಚೌಲ್ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಒಂದೇ ಊರಿಗೆ ಮೂರು ಉಚ್ಚಾರಣೆ. ಈ ಉದಾಹರಣೆಯನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಪಟ್ಟಿಯಲ್ಲಿ ಇರುವುದೇನು?

ಒಳನಾಡಿನ ಊರುಗಳನ್ನು ಹೇಳುವಾಗ ಟಾಲೆಮಿ ಮೊದಲು ಒಂದು ಗುಂಪನ್ನು ಕೊಡುತ್ತಾನೆ. ಅದರಲ್ಲಿ ತಗರ ಇದೆ, ಬೈಥಾನ ಇದೆ. ಬೈಥಾನ ಸಿರೊ ಪ್ತೊಲೆಮಾಯಿಯೋಸ್ ಎಂಬ ದೊರೆಯ ರಾಜಧಾನಿ ಎಂದಿದ್ದಾನೆ. ಬಳಿಕ ಇನ್ನೊಂದು ಗುಂಪು: ನಗರೂರಿಸ್, ತಬಸೊ, ಇಂದೆ, ತಿರಿಪಂಗಲಿದ, ಬಲೆಯೊಕೂರೋಸ್ ಎಂಬ ದೊರೆಯ ರಾಜಧಾನಿ ಹಿಪ್ಪೊಕೂರ, ಸೂಬುಟ್ಟು, ಸಿರಿಮಲಗ, ಕಲ್ಲಿಗೇರಿಸ್, ಮೊದೊಗೂಲ್ಲ, ಪೆತಿರ್ಗಲ, ಕೊನೆಗೆ ಬನೌಸೆಯಿ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಪಟ್ಟಿ ನಮ್ಮ ಭಾಗದ ಅಧಿಕಾರಿಗಳ ಮತ್ತು ಪಂಡಿತರ ಗಮನ ಸೆಳೆಯಿತು. 1884ರಲ್ಲಿ ಬಿಜಾಪುರ ಜಿಲ್ಲೆಯ ಗೆಜೆಟಿಯರ್ ಹೊರಬಂತು. ಮರುವರ್ಷ ಮೆಕ್‌ಕ್ರಿಂಡಲ್ ಎಂಬ ವಿದ್ವಾಂಸ ಟಾಲೆಮಿಯ ಭಾರತದ ಅಧ್ಯಾಯಗಳನ್ನು ಇಂಗ್ಲಿಷಿಗೆ ತಂದು ಟಿಪ್ಪಣಿ ಬರೆದ. ಇಂದೆ ಎಂದರೆ ಇಂಡಿ, ಹಿಪ್ಪೊಕೂರ ಎಂದರೆ ಹಿಪ್ಪರಗಿ, ಕಲ್ಲಿಗೇರಿಸ್ ಎಂದರೆ ಕಲಕೇರಿ, ಮೊದೊಗೂಲ್ಲ ಎಂದರೆ ಮುದಗಲ್ಲು ಎಂಬ ಸಲಹೆಗಳು ಬಂದದ್ದು ಆ ಕಾಲದ ಬರಹಗಳಿಂದ. ಈ ಊಹೆಗಳನ್ನು ನಕಾಶೆಯ ಮೇಲೆ ಇಟ್ಟು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಇಂಡಿ ಒಂದು ತಾಲೂಕು. ಕಲಕೇರಿ ಹಳೆಯ ಸಿಂದಗಿ ತಾಲೂಕಿನದು. ಹೂವಿನ ಹಿಪ್ಪರಗಿ ಬಸವನ ಬಾಗೇವಾಡಿ ಕಡೆಯದು. ಮುದಗಲ್ಲು ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಸಿಗುವ ಊರು. ನಾಲ್ಕೂ ತಾಲೂಕುಗಳಿಗೆ ಟಾಲೆಮಿಯ ಪಾಲು ಹಂಚಿದಂತೆ ಆಯಿತು! ಇಷ್ಟು ಅಚ್ಚುಕಟ್ಟಾಗಿ ಹೊಂದಿದಾಗಲೇ ಇತಿಹಾಸದ ವಿದ್ಯಾರ್ಥಿ ಸ್ವಲ್ಪ ಎಚ್ಚರದಿಂದ ಇರಬೇಕು.

ಪರವಾದ ವಾದ

ಮೊದಲು ಇಂಡಿಯ ಪರವಾಗಿ ಹೇಳಬಹುದಾದ್ದನ್ನು ಹೇಳೋಣ.

ಈ ಪಟ್ಟಿ ಕಟ್ಟುಕಥೆಯಲ್ಲ ಎಂಬುದು ಖಚಿತ. ಸಿರೊ ಪ್ತೊಲೆಮಾಯಿಯೋಸ್ ಎಂಬುದು ಶ್ರೀ ಪುಳುಮಾವಿ ಎಂಬ ಶಾತವಾಹನ ದೊರೆಯ ಹೆಸರು, ಗ್ರೀಕ್ ನಾಲಗೆಯಲ್ಲಿ ಹೊರಳಿದ್ದು. ಪುಳುಮಾವಿ ಆಳಿದ್ದು ಎರಡನೆಯ ಶತಮಾನದಲ್ಲಿ, ಅಂದರೆ ಟಾಲೆಮಿಯ ಕಾಲಕ್ಕೆ ತೀರ ಹತ್ತಿರದಲ್ಲಿ. ಬೈಥಾನ ಪೈಠಾಣವೇ ಎಂಬುದರಲ್ಲಿ ವಿವಾದವಿಲ್ಲ. ಬನೌಸೆಯಿ ನಮ್ಮ ಬನವಾಸಿ ಎಂಬುದರಲ್ಲೂ ಇಲ್ಲ. ಒಂದು ತುದಿಗೆ ಗೋದಾವರಿಯ ದಂಡೆಯ ಪೈಠಾಣ, ಇನ್ನೊಂದು ತುದಿಗೆ ವರದಾ ದಂಡೆಯ ಬನವಾಸಿ. ನಡುವೆ ಹೆಸರಿಸಿದ ಊರುಗಳು ಈ ಎರಡರ ನಡುವಿನ ಪ್ರದೇಶದಲ್ಲಿಯೇ ಎಲ್ಲೋ ಇರಬೇಕು. ಭೀಮಾ ಕೃಷ್ಣೆಯರ ನಡುವಿನ ನಮ್ಮ ನಾಲ್ಕು ತಾಲೂಕುಗಳು ಆ ಪ್ರದೇಶದಲ್ಲಿಯೇ ಇವೆ. ಇಂಡಿಯ ಹೆಸರು ಪಟ್ಟಿಯ ಮೊದಲ ಭಾಗದಲ್ಲಿ, ಅಂದರೆ ಉತ್ತರದ ಕಡೆಗೆ ಬರುತ್ತದೆ. ಇದೂ ಹೊಂದುತ್ತದೆ.

ಇನ್ನೊಂದು ಪೋಷಕ ಸಂಗತಿ ಭೀಮೆಯ ದಂಡೆಯಲ್ಲಿಯೇ ಸಿಕ್ಕಿದೆ. ಸಿಂದಗಿ ಸೀಮೆಯನ್ನು ಬಿಟ್ಟು ಭೀಮೆ ಕೆಳಗೆ ಹರಿದು ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗುತ್ತದೆ. 1986ರಲ್ಲಿ ಅಲ್ಲಿನ ಚಂದ್ರಲಾ ಪರಮೇಶ್ವರಿ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಅದರ ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಉತ್ಖನನ ನಡೆದು ದೊಡ್ಡ ಬೌದ್ಧ ಸ್ತೂಪವೊಂದು ಬೆಳಕಿಗೆ ಬಂತು. ‘ರಾಯೋ ಅಸೋಕೋ’ ಎಂದು ಹೆಸರು ಬರೆದ ಅಶೋಕನ ಉಬ್ಬುಶಿಲ್ಪ ಅಲ್ಲಿ ಸಿಕ್ಕಿತು. ಶಾತವಾಹನ ದೊರೆಗಳ ಶಿಲ್ಪಗಳೂ ಸಿಕ್ಕವು. ಅವರಲ್ಲಿ ಪುಳುಮಾವಿಯೂ ಒಬ್ಬ. ಅಲೆಕ್ಸಾಂಡ್ರಿಯದ ಪಂಡಿತ ಯಾವ ದೊರೆಯ ಹೆಸರನ್ನು ಬರೆದನೋ ಆ ದೊರೆಯ ಹೆಸರು ನಮ್ಮ ಭೀಮೆಯ ದಂಡೆಯ ಕಲ್ಲಿನ ಮೇಲೂ ಇದೆ. ಎಂದರೆ, ಆ ಕಾಲದಲ್ಲಿ ಭೀಮಾ ಕಣಿವೆ ಕಾಡುಬಿದ್ದ ಮೂಲೆಯಾಗಿರಲಿಲ್ಲ. ಅಲ್ಲಿ ಪಟ್ಟಣಗಳಿದ್ದವು, ದಾನ ಮಾಡುವ ಶಕ್ತಿಯಿದ್ದ ಜನರಿದ್ದರು, ದಾರಿಗಳಿದ್ದವು.

ವಿರುದ್ಧವಾದ ವಾದ

ಇನ್ನು ಎದುರು ಪಕ್ಷದ ಮಾತು. ಇದು ಹೆಚ್ಚು ಕಠಿಣವಾದದ್ದು.

ಟಾಲೆಮಿಯ ಅಕ್ಷಾಂಶ ರೇಖಾಂಶಗಳನ್ನು ಹಿಡಿದು ಇಂಡಿಯನ್ನು ನಕಾಶೆಯ ಮೇಲೆ ಗುರುತಿಸೋಣ ಎಂದರೆ ಆಗುವುದಿಲ್ಲ. ಕಾರಣ, ಅವನ ಭಾರತದ ಆಕಾರವೇ ಬೇರೆ. ಭರೂಚ್‌ನಿಂದ ಕನ್ಯಾಕುಮಾರಿಗೆ ಉತ್ತರ ದಕ್ಷಿಣವಾಗಿ ನಿಜವಾದ ಅಂತರ ಸುಮಾರು 14 ಡಿಗ್ರಿ. ಟಾಲೆಮಿಯ ಲೆಕ್ಕದಲ್ಲಿ ಅದು ಸುಮಾರು 4 ಡಿಗ್ರಿ ಮಾತ್ರ. ಕೆಳಮುಖವಾಗಿ ಇಳಿಯಬೇಕಾದ ನಮ್ಮ ಪಶ್ಚಿಮ ಕರಾವಳಿ ಅವನ ನಕಾಶೆಯಲ್ಲಿ ಪೂರ್ವಕ್ಕೆ ಅಡ್ಡಲಾಗಿ ಮಲಗಿದೆ. ದಕ್ಷಿಣ ಭಾರತದ ಚೂಪಾದ ಆಕಾರ ಅಲ್ಲಿಲ್ಲ. ಹಡಗಿನವರು ಇಷ್ಟು ದಿನಗಳ ಪಯಣ ಎಂದು ಹೇಳಿದ ದೂರವನ್ನು ಡಿಗ್ರಿಗಳಿಗೆ ಪರಿವರ್ತಿಸುವಾಗ, ದಿಕ್ಕು ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಜತೆಗೆ ಎರಟಾಸ್ಥನೀಸ್ ಒಂದು ಡಿಗ್ರಿಗೆ 700 ಸ್ಟೇಡಿಯ ಎಂದು ಎಣಿಸಿದ್ದರೆ ಟಾಲೆಮಿ 500 ಎಂಬ ಲೆಕ್ಕ ಹಿಡಿದ. ಹೀಗೆ ಹಿಸುಕಿದ ನಕಾಶೆಯ ಮೇಲೆ ಒಳನಾಡಿನ ಒಂದು ಸಣ್ಣ ಊರಿನ ಜಾಗವನ್ನು ಅಂಕಿಗಳಿಂದ ಸಾಧಿಸಲಾಗದು.

ಎರಡನೆಯ ತೊಡಕು ಹಸ್ತಪ್ರತಿಗಳದು. ಟಾಲೆಮಿ ಬರೆದ ಮೂಲ ಪ್ರತಿ ಉಳಿದಿಲ್ಲ. ನಮಗೆ ಸಿಕ್ಕಿರುವ ಪೂರ್ಣ ಗ್ರೀಕ್ ಪ್ರತಿಗಳು ಹದಿಮೂರನೆಯ ಶತಮಾನದ ಕೊನೆಯ ಸುಮಾರಿನವು. ನಡುವೆ ಸಾವಿರದ ನೂರು ವರ್ಷಗಳಿಗೂ ಹೆಚ್ಚಿನ ಅಂತರ. ಗ್ರೀಕರು ಅಂಕಿಗಳಿಗೂ ಅಕ್ಷರಗಳನ್ನೇ ಬಳಸುತ್ತಿದ್ದರು. ಕಂಡುಕೇಳರಿಯದ ದೂರದೇಶದ ಊರುಗಳ ಹೆಸರನ್ನು ನಕಲು ಮಾಡುವ ಲಿಪಿಕಾರ ಎಲ್ಲಿ ಎಡವಿದನೋ ಹೇಳಬರುವುದಿಲ್ಲ. ಅದರಲ್ಲೂ ‘ಇಂದ’ ಎಂಬ ಧ್ವನಿ ಗ್ರೀಕರಿಗೆ ಚಿರಪರಿಚಿತ. ಸಿಂಧೂ ನದಿಯನ್ನು ಅವರು ಇಂದೋಸ್ ಎನ್ನುತ್ತಿದ್ದರು, ದೇಶವನ್ನು ಇಂದಿಯ. ಅಪರಿಚಿತವಾದ ಬೇರೊಂದು ಹೆಸರನ್ನು ಯಾರೋ ಪರಿಚಿತ ಧ್ವನಿಯ ಕಡೆಗೆ ತಿರುಗಿಸಿರಲಾರರು ಎಂದು ಹೇಗೆ ಹೇಳುವುದು?

ಹಿಪ್ಪೊಕೂರದ ಕಥೆ ಇನ್ನೂ ಬೋಧಪ್ರದ. ನಮ್ಮ ಹಿಪ್ಪರಗಿ ಎಂಬ ಹೆಸರಿನಲ್ಲಿ ಕಾಣುವುದು ಹಿಪ್ಪೆಯ ಮರ. ಗ್ರೀಕ್ ಭಾಷೆಯಲ್ಲಿ ಹಿಪ್ಪೋಸ್ ಎಂದರೆ ಕುದುರೆ. ಟಾಲೆಮಿಯ ಪುಸ್ತಕದಲ್ಲಿ ಹಿಪ್ಪೊಕೂರ ಎಂಬ ಊರುಗಳು ಎರಡಿವೆ, ಒಂದು ಕೊಂಕಣದ ಕಡಲ ತೀರದಲ್ಲಿ, ಇನ್ನೊಂದು ಒಳನಾಡಿನಲ್ಲಿ. ನಮ್ಮಲ್ಲಿಯೂ ಹೂವಿನ ಹಿಪ್ಪರಗಿ, ದೇವರ ಹಿಪ್ಪರಗಿ ಎಂದು ಎರಡು ದೊಡ್ಡ ಊರುಗಳಿವೆ. ಜಮಖಂಡಿ ಕಡೆ ಮತ್ತೊಂದು ಹಿಪ್ಪರಗಿ ಇದೆ. ಎಲ್ಲಿ ಹಿಪ್ಪೆಯ ತೋಪಿತ್ತೋ ಅಲ್ಲೆಲ್ಲ ಹಿಪ್ಪರಗಿ ಹುಟ್ಟಬಹುದು. ಧ್ವನಿಸಾಮ್ಯವನ್ನೇ ನೆಚ್ಚಿದರೆ ಇವುಗಳಲ್ಲಿ ಯಾವುದನ್ನು ಆರಿಸುವುದು?

ಇಲ್ಲಿ ನಾಣ್ಯಗಳು ಮಾತಾಡುತ್ತವೆ. ಹಿಪ್ಪೊಕೂರದ ದೊರೆ ಬಲೆಯೊಕೂರೋಸ್ ಎಂದು ಟಾಲೆಮಿ ಹೇಳಿದನಷ್ಟೆ. ಕೊಲ್ಹಾಪುರದಲ್ಲಿ ಸಿಕ್ಕ ಹಳೆಯ ನಾಣ್ಯಗಳ ಮೇಲೆ ವಿಳಿವಾಯಕುರ ಎಂಬ ದೊರೆಯ ಹೆಸರಿದೆ, ಬಿಲ್ಲುಬಾಣದ ಚಿತ್ರವಿದೆ. ಬಲೆಯೊಕೂರೋಸ್ ಈ ವಿಳಿವಾಯಕುರನೇ ಎಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅದೇ ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬದಲ್ಲಿ 1940ರ ದಶಕದಲ್ಲಿ ಅಗೆದಾಗ ಕಂಚಿನ ಸಾಮಾನುಗಳ ರಾಶಿಯಲ್ಲಿ ಗ್ರೀಕರ ಸಮುದ್ರದೇವತೆ ಪೊಸೈಡಾನ್‌ನ ಪುಟ್ಟ ವಿಗ್ರಹ ಸಿಕ್ಕಿತು. ಕಡಲ ದೇವರು ಸಹ್ಯಾದ್ರಿ ಹತ್ತಿ ಪಂಚಗಂಗೆಯ ದಂಡೆಗೆ ಬಂದಿದ್ದ! ಇದನ್ನೆಲ್ಲ ನೋಡಿದರೆ ವಿಳಿವಾಯಕುರನ ರಾಜಧಾನಿಯನ್ನು ಕೊಲ್ಹಾಪುರದ ಸುತ್ತ ಹುಡುಕುವುದು ಹೆಚ್ಚು ಸಮಂಜಸ. ಹಿಪ್ಪರಗಿಯವರು ಬೇಸರಪಟ್ಟುಕೊಳ್ಳಬಾರದು. ಹೆಸರಿನ ಹೋಲಿಕೆ ಒಂದು ತಕ್ಕಡಿಯಲ್ಲಿ, ನಾಣ್ಯ ಇನ್ನೊಂದು ತಕ್ಕಡಿಯಲ್ಲಿ ಇದ್ದಾಗ ನಾಣ್ಯವೇ ತೂಗುತ್ತದೆ.

ಹೆಸರು ಹೊರಳುವ ಬಗೆ

ಹೆಸರು ಎಷ್ಟು ಬದಲಾಗಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಇಂಡಿ ತಾಲೂಕಿನಲ್ಲಿಯೇ ಸಾಲೋಟಗಿ ಇದೆ. ಅಲ್ಲಿನ ಕ್ರಿ.ಶ. 945ರ ಶಾಸನ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣನೆಂಬವನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಸತಿಗೆ 27 ಮನೆಗಳು, ನಿರ್ವಹಣೆಗೆ 500 ನಿವರ್ತನ ಭೂಮಿ, ದೀಪದ ಎಣ್ಣೆಗೆ 12 ನಿವರ್ತನ. ಊರಿನ ಮಹಾಜನರು ಮದುವೆಗೆ ಐದು, ಮುಂಜಿಗೆ ಎರಡೂವರೆ, ಚೌಲಕ್ಕೆ ಒಂದೂಕಾಲು ‘ಪುಷ್ಪ’ ಎಂಬ ನಾಣ್ಯ ಕೊಡಬೇಕೆಂದು ಗೊತ್ತು ಮಾಡಿದರು. ಇಂದಿನ ಹಾಸ್ಟೆಲುಗಳ ಲೆಕ್ಕಪತ್ರ ಓದಿದ ಹಾಗಿದೆ.

ಆ ಶಾಸನದಲ್ಲಿ ಊರಿನ ಹೆಸರು ಸಾಲೋಟಗಿ ಎಂದಿಲ್ಲ, ಪಾವಿಟ್ಟಗೆ ಎಂದಿದೆ. ಶಾಲೆಯ ಪಾವಿಟ್ಟಗೆ ಎಂಬುದೇ ಸವೆದು ಸಾಲೋಟಗಿಯಾಯಿತು ಎಂದು ವಿದ್ವಾಂಸರು ಬಿಡಿಸಿ ಹೇಳುತ್ತಾರೆ. ಶಾಸನ ಸಿಗದೆ ಹೋಗಿದ್ದರೆ ಪಾವಿಟ್ಟಗೆಗೂ ಸಾಲೋಟಗಿಗೂ ಸಂಬಂಧವಿದೆಯೆಂದು ಯಾರೂ ಕನಸಿನಲ್ಲಿಯೂ ಎಣಿಸುತ್ತಿರಲಿಲ್ಲ. ಅದೇ ರೀತಿ ತರ್ದವಾಡಿ ಸಾವಿರ ಎಂಬುದು ಹತ್ತನೆಯ ಶತಮಾನದಲ್ಲಿ ನಮ್ಮ ಸೀಮೆಯ ದೊಡ್ಡ ಆಡಳಿತ ವಿಭಾಗ. ಚಾಲುಕ್ಯ ವಂಶವನ್ನು ಮತ್ತೆ ಎತ್ತಿ ನಿಲ್ಲಿಸಿದ ತೈಲಪ ಮೊದಲು ಆಳುತ್ತಿದ್ದದ್ದು ಅದನ್ನೇ ಎಂಬುದು ಬಸವನ ಬಾಗೇವಾಡಿ ಕಡೆಯ ನರಸಲಗಿಯ ಶಾಸನದಿಂದ ತಿಳಿಯುತ್ತದೆ. ಆ ವಿಭಾಗದ ಕೇಂದ್ರವಾಗಿದ್ದ ಊರು ಭೀಮೆಯ ಕಡೆಯ ತದ್ದೇವಾಡಿ. ಸಾವಿರ ಹಳ್ಳಿಗಳಿಗೆ ಹೆಸರು ಕೊಟ್ಟ ಊರು ಇಂದು ತಾನೇ ಒಂದು ಹಳ್ಳಿ.

ಸಾವಿರ ವರ್ಷದಲ್ಲಿ ಇಷ್ಟು ಬದಲಾವಣೆ ಆಗಬಹುದಾದರೆ, ಟಾಲೆಮಿಯಿಂದ ಈಚೆಗಿನ ಹತ್ತೊಂಬತ್ತು ನೂರು ವರ್ಷಗಳಲ್ಲಿ ಇಂದೆ ಎಂಬುದು ಇಂಡಿಯಾಗಿ, ಹೆಚ್ಚು ಕಡಿಮೆ ಹಾಗೆಯೇ ಉಳಿದಿದೆ ಎಂದು ನಂಬುವುದು ಅಷ್ಟು ಸುಲಭವಲ್ಲ. ಅಸಾಧ್ಯವೂ ಅಲ್ಲ, ಏಕೆಂದರೆ ಬನವಾಸಿ ಉಳಿದಿದೆಯಲ್ಲ! ಆದರೆ ಬನವಾಸಿಗೆ ನಡುವಿನ ಶತಮಾನಗಳಲ್ಲೆಲ್ಲ ಶಾಸನಗಳ ಸಾಕ್ಷ್ಯ ಇದೆ. ಸರಪಳಿಯ ಪ್ರತಿ ಕೊಂಡಿಯೂ ಕಣ್ಣಿಗೆ ಕಾಣುತ್ತದೆ. ಇಂಡಿಗೂ ಅಂಥ ಸರಪಳಿ ಬೇಕು.

ಕನ್ನಡಿಗರು ಗ್ರೀಕ್ ಬರಹದಲ್ಲಿ ತಮ್ಮನ್ನು ಹುಡುಕಿದ್ದು ಇದೊಂದೇ ಸಲವಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕಡಲ ತೀರದ ಪಾತ್ರಗಳು ಅರ್ಥವಾಗದ ಮಾತುಗಳನ್ನು ಆಡುತ್ತವೆ. ಅವು ಕನ್ನಡವೆಂದು ಹುಲ್ಷ್ ಎಂಬ ಜರ್ಮನ್ ವಿದ್ವಾಂಸ ಸೂಚಿಸಿದ. ಆರ್. ಶಾಮಾಶಾಸ್ತ್ರಿ, ಎಂ. ಗೋವಿಂದ ಪೈ, ಬಿ.ಎ. ಸಾಲೆತ್ತೂರ್ ಅವರಂಥ ಹಿರಿಯರು ಅದರ ಮೇಲೆ ಶ್ರಮವಹಿಸಿದರು. ಒಬ್ಬೊಬ್ಬರು ಒಂದೊಂದು ರೀತಿ ಓದಿದರು. ಇಂದಿಗೂ ಆ ಓದುಗಳ ಬಗ್ಗೆ ಒಮ್ಮತವಿಲ್ಲ. ಅವರ ವಿದ್ವತ್ತು ದೊಡ್ಡದು, ಸಂಶಯವಿಲ್ಲ. ಧ್ವನಿಯ ಹೋಲಿಕೆಯೊಂದೇ ಆಧಾರವಾದಾಗ ದೊಡ್ಡ ವಿದ್ವತ್ತಿಗೂ ಕಾಲೂರಲು ನೆಲ ಸಾಲದು ಎಂಬುದನ್ನು ಇದು ತೋರಿಸುತ್ತದೆ.

ನೆಲವನ್ನೇ ಕೇಳಬೇಕು

ಹಾಗಾದರೆ ತೀರ್ಪು ಏನು? ಇಂದೆ ಎಂಬುದು ಇಂಡಿಯಾಗಿರುವುದು ಸಂಭವ, ಆದರೆ ಸಿದ್ಧವಾಗಿಲ್ಲ. ಸಿದ್ಧ ಮಾಡುವ ಸಾಕ್ಷಿ ಗ್ರೀಕ್ ಪುಸ್ತಕದಲ್ಲಿ ಸಿಗುವುದಿಲ್ಲ. ಅದು ನಮ್ಮ ನೆಲದಲ್ಲಿ ಸಿಗಬೇಕು.

ಈ ನೆಲದ ಸ್ವಭಾವ ನಿಮಗೆ ಗೊತ್ತು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಡೋಣಿಯ ನೀರು ಸವಳು, ಆದರೆ ಅದರ ಎರೆಯ ಮಣ್ಣು ಬಂಗಾರ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಆಡಿದ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹಿಂಗಾರಿಯ ಬಿಳಿಜೋಳ, ಹತ್ತಿ, ಕುಸುಬಿ ಬೆಳೆಯುವ ಈ ಎರೆನಾಡು ಮಳೆ ಬಂದ ವರ್ಷ ಕಣಜ, ಬರದ ವರ್ಷ ಬಟ್ಟಬಯಲು. ಇಂಥ ನಾಡಿನಲ್ಲಿ ಊರು ಕೂಡುವುದು ಕುಡಿಯುವ ನೀರು ಇರುವಲ್ಲಿ, ಹೊಳೆ ದಾಟುವ ಕಡವು ಇರುವಲ್ಲಿ. ಆದ್ದರಿಂದ ಹಳೆಯ ಊರುಗಳ ಕುರುಹನ್ನು ಹೊಳೆಯ ದಂಡೆಯಲ್ಲಿಯೇ ಮೊದಲು ಹುಡುಕಬೇಕು.

ಕುರುಹು ಎಂದರೆ ಏನು? ಊರ ಹೊರಗಿನ ಹಾಳು ದಿಬ್ಬ. ಬೂದಿ ಬಣ್ಣದ ಸಡಿಲ ಮಣ್ಣು, ಅದರಲ್ಲಿ ಮಡಕೆಯ ಚೂರು, ಬಳೆಯ ತುಂಡು, ಮಣಿ, ಮೂಳೆ. ಶಾತವಾಹನರ ಕಾಲದ್ದಾದರೆ ಇಂದಿನದಕ್ಕಿಂತ ಬಹಳ ದೊಡ್ಡ ಅಳತೆಯ ಇಟ್ಟಿಗೆ, ಕೆಂಗಂದು ಮೈಮೇಲೆ ಬಿಳಿ ಗೆರೆ ಎಳೆದ ಮಡಕೆ, ಸೀಸದ ನಾಣ್ಯ. ದಿಬ್ಬದ ಈ ಮಣ್ಣನ್ನು ನಮ್ಮ ಜನ ಮಾಳಿಗೆಯ ಮೇಲೆ ಹಾಕಲು, ಹೊಲಕ್ಕೆ ಗೊಬ್ಬರವಾಗಿ ಹರಡಲು ತಲೆತಲಾಂತರದಿಂದ ಒಯ್ದಿದ್ದಾರೆ. ಬುಟ್ಟಿಯಲ್ಲಿ, ಚಕ್ಕಡಿಯಲ್ಲಿ ಒಯ್ಯುವಾಗ ದಿಬ್ಬ ನೂರಾರು ವರ್ಷ ಬಾಳುತ್ತಿತ್ತು. ಈಗ ಜೇಸಿಬಿ ಯಂತ್ರ ಎರಡು ದಿನದಲ್ಲಿ ಎರಡು ಸಾವಿರ ವರ್ಷಗಳನ್ನು ಟ್ರ್ಯಾಕ್ಟರಿಗೆ ತುಂಬುತ್ತದೆ.

ಮುಳುಗಿದ ಊರುಗಳು

ಅಲೆಕ್ಸಾಂಡ್ರಿಯಕ್ಕೆ ಮತ್ತೆ ಒಂದು ಕ್ಷಣ ಹೋಗೋಣ. ಕ್ರಿ.ಶ. 365ರಲ್ಲಿ ಭೂಕಂಪದ ಹಿಂದೆಯೇ ಬಂದ ಸಮುದ್ರದ ಅಲೆ ಆ ಊರನ್ನು ಹೊಡೆಯಿತು. ಮುಂದಿನ ಶತಮಾನಗಳಲ್ಲಿ ನೆಲ ಕುಸಿದು ಅರಮನೆಗಳ ಕೇರಿ ನೀರಿನಡಿ ಸೇರಿತು. ಹದಿನಾಲ್ಕನೆಯ ಶತಮಾನದ ಭೂಕಂಪಗಳು ದೀಪಸ್ತಂಭವನ್ನು ಕೆಡವಿದವು. 1990ರ ದಶಕದಲ್ಲಿ ಫ್ರೆಂಚ್ ಪುರಾತತ್ವಜ್ಞರು ಬಂದರಿನ ನೀರಿಗಿಳಿದು ದೀಪಸ್ತಂಭದ ಕಲ್ಲುಗಳನ್ನೂ ಪ್ರತಿಮೆಗಳನ್ನೂ ಗುರುತಿಸಿದರು. ಶತಮಾನಗಳ ಹಿಂದೆ ಮುಳುಗಿದ್ದನ್ನು ಇಂದು ಓದುವುದು ಸಾಧ್ಯವಾಯಿತು. ಅಲ್ಲಿ ಇದ್ದದ್ದು ಕಲ್ಲು. ಅದಕ್ಕಾಗಿ ಉಳಿಯಿತು.

ನಮ್ಮ ಭಾಗದಲ್ಲಿ ಮುಳುಗಿದ್ದು ಮಣ್ಣಿನ ಮನೆಗಳು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದರು. 519.6 ಮೀಟರ್ ಮಟ್ಟದಲ್ಲಿ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಬರದ ನಾಡಿಗೆ ಅದು ಬೇಕಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಆ ನೀರಿನಡಿ ಮೊಸರಿಗೆ ಹೆಸರಾದ ಹಳೆಯ ಕೊಲ್ಹಾರ ಸೇರಿತು. ಊರು ಮೇಲಕ್ಕೆ ಸರಿದು ಹೊಸ ಕೊಲ್ಹಾರವಾಯಿತು. ಕೆಳಗೆ ನಾರಾಯಣಪುರದ ಬಸವಸಾಗರ 1982ರಿಂದಲೇ ಮುದ್ದೇಬಿಹಾಳದ ಕಡೆಗೆ ನೀರು ಚಾಚಿತ್ತು. ಕೂಡಲಸಂಗಮದ ಐಕ್ಯಸ್ಥಳವನ್ನು ಸುತ್ತಲೂ ಬಾವಿಯಂತೆ ಗೋಡೆ ಎತ್ತಿ ಉಳಿಸಿಕೊಂಡೆವು. ಅದು ಒಳ್ಳೆಯ ಕೆಲಸ. ಆದರೆ ದಂಡೆಯ ಉದ್ದಕ್ಕೂ ಇದ್ದ ಹೆಸರಿಲ್ಲದ ದಿಬ್ಬಗಳಿಗೆ, ಕಡವುಗಳಿಗೆ, ಹೊಲಗಳ ಹೆಸರುಗಳಿಗೆ ಗೋಡೆ ಎತ್ತುವವರಾರು?

ಇದು ಮುಗಿದ ಕಥೆಯೂ ಅಲ್ಲ. 2010ರ ಕೊನೆಯಲ್ಲಿ ಬಂದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಯ ತೀರ್ಪು ಆಲಮಟ್ಟಿಯ ನೀರನ್ನು 524.256 ಮೀಟರ್‌ವರೆಗೆ ನಿಲ್ಲಿಸಲು ಒಪ್ಪಿಗೆ ಕೊಟ್ಟಿದೆ. ಆ ಮಟ್ಟಕ್ಕೆ ನೀರು ನಿಂತ ದಿನ ಇನ್ನಷ್ಟು ಹಳ್ಳಿಗಳು, ಇನ್ನಷ್ಟು ದಂಡೆ ಒಳಗೆ ಹೋಗುತ್ತದೆ. ಪರಿಹಾರದ ಲೆಕ್ಕದಲ್ಲಿ ಎಕರೆ ಬರುತ್ತದೆ, ಮನೆ ಬರುತ್ತದೆ, ಗಿಡ ಬರುತ್ತದೆ. ಊರಿನ ನೆನಪಿಗೆ ಆ ಪಟ್ಟಿಯಲ್ಲಿ ಕಾಲಮಿಲ್ಲ.

ಆದ್ದರಿಂದ ಶಿಕ್ಷಕರಲ್ಲಿ, ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನ ಹೊಲಗಳ, ಹಳ್ಳಗಳ, ಕಡವುಗಳ, ಹಾಳು ಊರುಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಅವರು ಉಚ್ಚರಿಸಿದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಗುಡಿಯ ಗೋಡೆಗೆ ಸುಣ್ಣ ಬಳಿಯುವ ಮುನ್ನ ಅಲ್ಲಿ ಅಕ್ಷರವಿದೆಯೇ ನೋಡಿ. ದಿಬ್ಬದಲ್ಲಿ ನಾಣ್ಯವೋ ದೊಡ್ಡ ಇಟ್ಟಿಗೆಯೋ ಕಂಡರೆ ತೊಳೆದು ತಿಕ್ಕಿ ಮನೆಯಲ್ಲಿಡದೆ ತಹಶೀಲ್ದಾರರ ಕಚೇರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ. ಯಾವ ಜಾಗದಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಎಂಬುದನ್ನು ಅದೇ ದಿನ ಬರೆದಿಡಿ. ಜಾಗ ತಿಳಿಯದ ನಾಣ್ಯ ಸಾಕ್ಷಿ ಹೇಳಲಾರದು.

ಇಂದು ಇಂಡಿಯ ಹೆಸರು ಲಿಂಬೆಹಣ್ಣಿನ ಜತೆಗೆ ದೂರದೂರಿಗೆ ಹೋಗುತ್ತದೆ. ಭೌಗೋಳಿಕ ಗುರುತಿನ ಮುದ್ರೆಯೂ ಅದಕ್ಕೆ ಸಿಕ್ಕಿದೆ. ಅಂದು ಅರಳೆಯ ಜತೆಗೋ ಬಟ್ಟೆಯ ಜತೆಗೋ ಇದೇ ಹೆಸರು ಅಲೆಕ್ಸಾಂಡ್ರಿಯಕ್ಕೆ ಹೋಗಿತ್ತೇ? ಹೋಗಿರಬಹುದು. ಟಾಲೆಮಿ ಎಂದೂ ನೋಡದ ನಾಡಿನ ಹೆಸರುಗಳನ್ನು ಕೇಳಿ ಕೇಳಿ ಬರೆದಿಟ್ಟ. ಅವನು ತಪ್ಪಿದ್ದು ಬಹಳ, ಆದರೆ ಬರೆದಿಟ್ಟದ್ದರಿಂದ ಇಂದು ನಾವು ಅವನ ತಪ್ಪನ್ನಾದರೂ ತಿದ್ದಬಲ್ಲೆವು. ನಾವು ಕಣ್ಣಾರೆ ಕಂಡ ನಾಡನ್ನು ಬರೆದಿಡದೆ ಹೋದರೆ ಮುಂದಿನವರಿಗೆ ತಿದ್ದಲಿಕ್ಕೂ ಏನೂ ಉಳಿಯುವುದಿಲ್ಲ.